ಪಾರ್ಥಿವ ಸಂವತ್ಸರದ ತೊಟ್ಟಿಲ ಹಾಡು

“ಮಾತಾಜಿ, ತಪ್ಪನ್ನು ತಿದ್ದಿದ ಮೇಲೂ ಕ್ಷಮೆ ಕೇಳಬೇಕೆ?” ಎಂದು ಸರ್ವಮಂಗಳಮ್ಮ ಕೇಳಿದರು.

ಸರ್ವಮಂಗಳಮ್ಮ ಮಾತಾಜಿಯ ಆಶ್ರಮದ ಹಿರಿಯ ಶಿಷ್ಯೆ. ಉಗ್ರಾಣ ಮತ್ತು ಅಡುಗೆಮನೆಯ ಉಸ್ತುವಾರಿ ಅವರದು. ಸಂಜೆಯ ಪ್ರಸಾದಕ್ಕೆ ಜನ ಬಂದು ಕೂರುತ್ತಿದ್ದರು. ಮಾತಾಜಿ ಉತ್ತರ ಹೇಳುವ ಮೊದಲೇ ಅವರು ಮುಂದುವರಿಸಿದರು.

“ನಮ್ಮದು ಹೆಸರಿರುವ ಮನೆತನ. ಮುತ್ತಜ್ಜ ಊರಿಗೆ ಕೆರೆ ಕಟ್ಟಿಸಿದವರು. ಅಜ್ಜ ಛತ್ರ ನಡೆಸಿದರು. ಉಣ್ಣಲು ಬಂದವರ ಊರು ಕೇರಿ ಕೇಳಲಿಲ್ಲ. ನಮ್ಮ ತಂದೆ ನ್ಯಾಯ ಹೇಳಲು ಕೂತರೆ ಎರಡೂ ಕಡೆಯವರು ಒಪ್ಪಿ ಎದ್ದುಹೋಗುತ್ತಿದ್ದರು. ನಮ್ಮ ಮನೆಯ ಹೆಣ್ಣುಮಕ್ಕಳು ಬೀದಿಯಲ್ಲಿ ದನಿ ಎತ್ತಿದವರಲ್ಲ. ಇನ್ನೊಬ್ಬರ ಸೊತ್ತನ್ನು ಇಟ್ಟುಕೊಂಡವರಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನಾನು ಬೇಕೆಂದು ಅನ್ಯಾಯ ಮಾಡುವವಳಲ್ಲ ಎಂಬುದು ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.”

“ತಿಳಿದಿದೆ. ಆದದ್ದೇನು?”

“ಹಾಲು ತರುವ ಸಣ್ಣತಾಯಮ್ಮ ಇದ್ದಾಳಲ್ಲ. ಕಳೆದ ವಾರ ಒಂದು ದಿನ ಹಾಲು ನೀರಾಗಿತ್ತು. ಪ್ರಸಾದಕ್ಕೆ ಕೂತವರ ಎದುರಿಗೇ ಅವಳನ್ನು ಕೇಳಿದೆ. ಆಮೇಲೆ ನೋಡಿದರೆ ತಪ್ಪು ನಮ್ಮದೇ. ತೊಳೆದ ತಪ್ಪಲೆಯನ್ನು ಬೋರಲು ಹಾಕದೆ ಇಟ್ಟಿದ್ದೆ. ತಳದಲ್ಲಿ ನೀರು ನಿಂತಿತ್ತು. ಅಂದಿನಿಂದ ತಪ್ಪಲೆಯನ್ನು ನಾನೇ ಬೋರಲು ಹಾಕುತ್ತೇನೆ. ಹಾಲನ್ನು ಅವಳಿಂದಲೇ ತೆಗೆದುಕೊಳ್ಳುತ್ತೇನೆ. ಒಂದು ರವಿಕೆ ಕಣವನ್ನೂ ಕಳಿಸಿದೆ. ಅದನ್ನು ಜಗಲಿಯ ಮೇಲೆ ಬಿಟ್ಟು ಹೋದಳು. ಈಗ ಒಳಗೆ ಬರುವುದಿಲ್ಲ. ಬಾಗಿಲಾಚೆ ನಿಂತು ಅಳೆದು ಹೋಗುತ್ತಾಳೆ. ನನ್ನ ಮುಖ ನೋಡುವುದಿಲ್ಲ. ಇನ್ನೇನು ಬೇಕಂತೆ ಅವಳಿಗೆ?”

“ಅಂದು ಅವಳನ್ನು ಏನೆಂದು ಕೇಳಿದೆ?”

ಸರ್ವಮಂಗಳಮ್ಮ ಹೇಳಿದರು: “‘ನಮ್ಮಲ್ಲೇ ಬಾವಿ ಇದೆಯಲ್ಲ ತಾಯಿ, ನೀರನ್ನು ಅಷ್ಟು ದೂರದಿಂದ ನೀನೇಕೆ ಹೊತ್ತು ತರುತ್ತೀಯೆ?’ ಎಂದೆ.”

“ಯಾರಾದರೂ ನಕ್ಕರೆ?”

“ನಕ್ಕರು.”

“ಹಾಗಾದರೆ ಕೂತುಕೋ” ಎಂದರು ಮಾತಾಜಿ. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಕಾವ್ಯದಲ್ಲಿ ಆಸಕ್ತಿ. ಆದರೆ ಅವನ ಸೀಮೆಯಲ್ಲಿ ಯಾವ ಕವಿತೆ ಯಾವ ಕಾಲದ್ದು ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಬ್ಬ ಕವಿಯನ್ನು ಒಬ್ಬರು ತಮ್ಮ ಮುತ್ತಜ್ಜನ ಓರಗೆಯವನು ಎನ್ನುತ್ತಿದ್ದರು. ಅದೇ ಕವಿಯನ್ನು ಇನ್ನೊಬ್ಬರು ಮೊನ್ನೆ ಸಂತೆಯಲ್ಲಿ ಕಂಡೆವು ಎನ್ನುತ್ತಿದ್ದರು. ವರ್ತಕನಿಗೆ ಇದನ್ನು ಸಹಿಸಲಾಗಲಿಲ್ಲ. ತನ್ನ ಅಂಗಡಿಗೆ ಒಂದು ಮೂಟೆ ಮೆಣಸು ಯಾವ ದಿನ ಬಂತು, ಯಾವ ದಿನ ಹೋಯಿತು ಎಂದು ಅವನು ಹೇಳಬಲ್ಲವನಾಗಿದ್ದ. ಮೆಣಸಿಗೆ ಇರುವ ಮರ್ಯಾದೆ ಕವಿತೆಗೆ ಬೇಡವೆ ಎಂದು ಅವನು ಕೇಳಿದ.

ಆದ್ದರಿಂದ ಅವನು ವರ್ಷವರ್ಷದ ಕಾವ್ಯವನ್ನು ದಾಖಲೆ ಮಾಡಿಸಲು ನಿಶ್ಚಯಿಸಿದ. ಒಬ್ಬರಿಂದ ಆಗುವ ಕೆಲಸವಲ್ಲ. ಸಂವತ್ಸರಗಳು ಅರವತ್ತು. ಅವನು ಅರವತ್ತು ಊರುಗಳಲ್ಲಿ ಅರವತ್ತು ಮನೆಗಳನ್ನು ಆರಿಸಿದ. ಒಂದೊಂದು ಮನೆಗೆ ಒಂದೊಂದು ಸಂವತ್ಸರ. ಪ್ರಭವ ಒಬ್ಬರಿಗೆ, ವಿಭವ ಇನ್ನೊಬ್ಬರಿಗೆ. ತನ್ನ ಸಂವತ್ಸರದಲ್ಲಿ ಹುಟ್ಟಿದ ಕವಿತೆಗಳನ್ನೆಲ್ಲ ಆ ಮನೆಯವರು ಕೂಡಿಸಬೇಕು. ಓಲೆಯಲ್ಲಿ ಇರುವುದನ್ನೂ ಬಾಯಲ್ಲಿ ಇರುವುದನ್ನೂ ತರಬೇಕು. ಆಸ್ಥಾನದ ಕಾವ್ಯವೂ ಬರಬೇಕು, ಬೀಸುಕಲ್ಲಿನ ಹಾಡೂ ಬರಬೇಕು. ವರ್ಷಕ್ಕೊಮ್ಮೆ ಎಲ್ಲರೂ ವರ್ತಕನ ಹಜಾರದಲ್ಲಿ ಸೇರಿ ಬರೆದದ್ದನ್ನು ಓದಬೇಕು. ಒಬ್ಬರ ಬರಹವನ್ನು ಮತ್ತೊಬ್ಬರು ತಿದ್ದಬೇಕು.

ಕೆಲಸ ಒಳ್ಳೆಯದೇ. ಅದನ್ನು ಮೊದಲೇ ಹೇಳುತ್ತೇನೆ. ಮಾತು ಬಿಟ್ಟಿದ್ದ ಮನೆಯವರು ಒಂದೇ ಚಾಪೆಯ ಮೇಲೆ ಕೂತು ಬರೆದರು. ಒಂದು ಊರಿನವರಿಗೆ ಸಿಕ್ಕ ಹಾಡನ್ನು ಇನ್ನೊಂದು ಊರಿನವರಿಗೆ ಕಳಿಸಿಕೊಟ್ಟರು. ಯಾರೂ ಕೂಲಿ ಕೇಳಲಿಲ್ಲ.

ವರ್ತಕ ಎರಡು ಕಟ್ಟಳೆ ಮಾಡಿದ. ಪ್ರತಿ ಕವಿತೆಯ ಕೆಳಗೆ ಕಟ್ಟಿದವರ ಹೆಸರು, ಊರು, ಸಂವತ್ಸರ, ಮಾಸ ಬರೆಯಬೇಕು. ಒಂದೇ ಸಂವತ್ಸರದಲ್ಲಿ ಎರಡು ಕವಿತೆಗಳು ಒಂದೇ ರೀತಿ ಇದ್ದರೆ, ಮೊದಲ ಮಾಸದ್ದು ಮೂಲ. ಆಮೇಲಿನ ಮಾಸದ್ದರ ಕೆಳಗೆ ‘ನಕಲು’ ಎಂದು ಬರೆಯಬೇಕು.

ಸಂವತ್ಸರದ ಹೆಸರು ಬರೆದರೆ ಸಾಕೆಂದ. ಶಕವರ್ಷ ಬರೆಯಲು ಹೇಳಲಿಲ್ಲ. ಅದು ಅಂಗಡಿಯ ರೂಢಿ. ಪ್ರತಿ ವರ್ಷ ಆ ಸಂವತ್ಸರದ ಹೆಸರಿನಲ್ಲಿ ಹೊಸ ಕಡತ ತೆರೆಯುತ್ತಿದ್ದರು. ನಾಲ್ಕಾರು ವರ್ಷವಾದ ಮೇಲೆ ಹಳೆಯ ಕಡತವನ್ನು ಹೊಳೆಗೆ ಬಿಡುತ್ತಿದ್ದರು. ವರ್ತಕನ ಅಂಗಡಿಗೆ ಒಂದು ಸಂವತ್ಸರ ಬರುವುದು ಒಂದೇ ಸಲ. ಕವಿತೆಯ ಆಯುಸ್ಸು ಕಡತದ ಆಯುಸ್ಸಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಕೂಡಿ ಕೂತ ಅರವತ್ತು ಮನೆಯವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪಾರ್ಥಿವ ಸಂವತ್ಸರ ವರ್ತಕನ ಊರಿನವನೇ ಆದ ಒಬ್ಬ ಪಂಡಿತನ ಪಾಲಿಗೆ ಬಂತು. ಅವನದು ದೊಡ್ಡ ಮನೆತನ. ಅವನ ಬರಹದಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪುತ್ತಿರಲಿಲ್ಲ. ಪಾರ್ಥಿವ ಆಗಷ್ಟೇ ಮುಗಿದಿತ್ತು. ಆ ವರ್ಷ ಶ್ರಾವಣದಲ್ಲಿ ಪಂಡಿತನ ತಂದೆ ಒಂದು ಕಾವ್ಯವನ್ನು ಮುಗಿಸಿದ್ದ. ಮಾಘದಲ್ಲಿ ಪಂಡಿತ ತಂದೆಗೆ ಅರವತ್ತರ ಶಾಂತಿ ಮಾಡಿಸಿ ಊರಿಗೆಲ್ಲ ಊಟ ಹಾಕಿದ್ದ. ಯುಗಾದಿ ಕಳೆದ ಮೇಲೆ ತಂದೆ ತೀರಿಕೊಂಡಿದ್ದ. ತಂದೆಯ ಕಾವ್ಯವನ್ನು ದಾಖಲೆಯಲ್ಲಿ ಬರೆಯುವಾಗ ಪಂಡಿತ ಸ್ನಾನ ಮಾಡಿ ಬಂದು ಕೂತು ಬರೆದ. ಅದರಲ್ಲಿ ತಪ್ಪೇನಿಲ್ಲ.

ಅದೇ ಊರಿನ ನೇಯ್ಗೆಯವರ ಬೀದಿಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳದೊಂದು ತೊಟ್ಟಿಲ ಹಾಡು. ಆ ಊರಿನಲ್ಲಿ ಆ ಹಾಡಿಲ್ಲದೆ ಯಾವ ಮಗುವನ್ನೂ ತೊಟ್ಟಿಲಿಗೆ ಹಾಕುತ್ತಿರಲಿಲ್ಲ. ಮೊದಲ ಸೊಲ್ಲನ್ನು ಆ ಮುದುಕಿಯೇ ಎತ್ತಬೇಕು, ಉಳಿದವರು ಹಿಂದೆ ಹಾಡಬೇಕು. ಅದು ವಾಡಿಕೆ. ಪಂಡಿತನ ಕಡೆಯವರು ಹೋಗಿ ಹಾಡನ್ನು ಬರೆದುಕೊಂಡರು. ಯಾವಾಗ ಕಟ್ಟಿದ್ದು ಎಂದು ಕೇಳಿದರು. ಪಾರ್ಥಿವ ಸಂವತ್ಸರದ ಮಾಘ ಎಂದಳು. ಹಾಗೆಯೇ ಬರೆದರು.

ಆ ಹಾಡಿನಲ್ಲಿ ಎರಡು ಸಾಲು ಹೀಗಿದ್ದವು:

ಬೆಳದಿಂಗಳ ನೇಯಲು ನೂಲು ಸಾಲದು ಕಂದ,
ಅವ್ವನ ಸೆರಗೇ ಸಾಕು, ಮಲಗು.

ಪಂಡಿತನ ತಂದೆಯ ಕಾವ್ಯದಲ್ಲಿ ಒಬ್ಬ ರಾಣಿ ಮಗುವನ್ನು ತೂಗುತ್ತಾ ಇವೇ ಎರಡು ಸಾಲು ಹೇಳುತ್ತಾಳೆ. ಪಂಡಿತ ಕಟ್ಟಳೆಯನ್ನು ನೋಡಿದ. ತಂದೆಯದು ಶ್ರಾವಣ, ಮುದುಕಿಯದು ಮಾಘ. ಅವನು ಮುದುಕಿಯ ಹಾಡಿನ ಕೆಳಗೆ ‘ನಕಲು’ ಎಂದು ಬರೆದ. ಅರಮನೆಯ ರಾಣಿ ನೂಲು ಸಾಲದೆಂದು ಏಕೆ ಕೊರಗುತ್ತಾಳೆ, ಆ ಕೊರಗು ಯಾರ ಮನೆಯದು ಎಂದು ಅವನು ಯೋಚಿಸಲಿಲ್ಲ. ಕಟ್ಟಳೆ ಇದ್ದಾಗ ಯೋಚನೆ ಏಕೆ?

ಕಾರ್ತಿಕದಲ್ಲಿ ಸಭೆ ಸೇರಿತು. ತನ್ನ ಹಾಡನ್ನು ದೊಡ್ಡವರ ಹಜಾರದಲ್ಲಿ ಓದುತ್ತಾರಂತೆ ಎಂದು ಕೇಳಿ ಮುದುಕಿ ಒಗೆದ ಸೀರೆ ಉಟ್ಟು ಬಂದಿದ್ದಳು. ಬೀದಿಯ ಹೆಂಗಸರೂ ಜೊತೆಗೆ ಬಂದಿದ್ದರು. ಅವರು ಕಂಬದ ಹತ್ತಿರ ನಿಂತಿದ್ದರು. ಪಂಡಿತ ಪಾರ್ಥಿವವನ್ನು ಓದಿದ. ತಂದೆಯ ಕಾವ್ಯಕ್ಕೆ ಸಭೆ ತಲೆದೂಗಿತು. ಆಮೇಲೆ ಅವನು ಓದಿದ:

“ನೇಯ್ಗೆಯವರ ಬೀದಿಯ ಮುದುಕಿಯ ತೊಟ್ಟಿಲ ಹಾಡು. ಮಾಘ ಮಾಸ. ನಕಲು.”

ಮುದುಕಿಗೆ ಮೊದಲು ಅರ್ಥವಾಗಲಿಲ್ಲ. ಪಕ್ಕದವಳು ಹೇಳಿದಳು. ಆಗ ಅವಳು ಕಂಬ ಬಿಟ್ಟು ಮುಂದೆ ಬಂದಳು.

“ಸ್ವಾಮಿ, ಅದು ಯಾರದ್ದನ್ನೂ ಕದ್ದದ್ದಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷ ಕಟ್ಟಿದ್ದು.”

“ಯಾವ ಸಂವತ್ಸರ ಅಂತ ಬರೆಸಿದ್ದೀಯೆ?”

“ಪಾರ್ಥಿವ, ಸ್ವಾಮಿ.”

“ಪಾರ್ಥಿವ ಮುಗಿದು ಇನ್ನೂ ವರ್ಷ ತುಂಬಿಲ್ಲ. ಹಾಗಾದರೆ ಹೋದ ಮಾಘದಲ್ಲಿ ನಿನ್ನ ಮದುವೆ ಆಯಿತೆನ್ನು. ನಮಗೆ ಊಟಕ್ಕೇ ಹೇಳಲಿಲ್ಲವಲ್ಲ!”

ಸಭೆ ನಕ್ಕಿತು. ಮುದುಕಿ ಏನನ್ನೋ ಹೇಳಲು ಬಾಯಿ ತೆರೆದಳು. ಪಂಡಿತ ಒಳಬಾಗಿಲ ಕಡೆ ತಿರುಗಿ ಕೂಗಿದ:

“ಯಾರಲ್ಲಿ? ಮದುಮಗಳು ನಿಂತಿದ್ದಾಳೆ. ಅರಿಸಿನ ಕುಂಕುಮ ತನ್ನಿ!”

ಸಭೆ ಇನ್ನೂ ಜೋರಾಗಿ ನಕ್ಕಿತು. ಮುದುಕಿ ವಿಧವೆ. ಅವಳ ಹಣೆ ಬರಿದಾಗಿ ಎಷ್ಟೋ ವರ್ಷಗಳಾಗಿದ್ದವು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದು ಹೋದಳು.

ಇಲ್ಲಿ ಮಾತಾಜಿ ಕತೆಯನ್ನು ನಿಲ್ಲಿಸಿದರು. ಅವರ ದನಿ ಗಟ್ಟಿಯಾಯಿತು.

“ಆ ಸಭೆಯಲ್ಲಿ ಕೂತವರೆಲ್ಲ ಓದಿದವರು. ಅವರ ಮನೆಗಳಲ್ಲೂ ಬರಿಹಣೆಯ ತಾಯಂದಿರು ಇದ್ದರು. ಕಾವ್ಯದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಮುಖ ಸಿಂಡರಿಸುವವರು, ಈ ಮಾತಿಗೆ ತೊಡೆ ತಟ್ಟಿ ನಕ್ಕರು. ವರ್ತಕ ಒಬ್ಬ ನಗಲಿಲ್ಲ. ಆದರೆ ಅವನೂ ಎದ್ದು ‘ಸಾಕು’ ಎನ್ನಲಿಲ್ಲ. ಇಂಥವರು ಕಾವ್ಯದ ಚರಿತ್ರೆ ಬರೆಯಲು ಕೂತಿದ್ದರು!”

ಮಾತಾಜಿ ಮತ್ತೆ ಮುಂದುವರಿಸಿದರು.

ಮಾತು ಬೀದಿಗೆ ಇಳಿಯಿತು. ಮಕ್ಕಳು ಅವಳನ್ನು ನಕಲಜ್ಜಿ ಎಂದು ಕೂಗಿದರು. ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನು ಕರೆಯುವುದು ನಿಂತಿತು. ಅಷ್ಟರಲ್ಲಿ ಅವಳ ಸ್ವಂತ ಮೊಮ್ಮಗಳು ಹೆತ್ತಳು. ಮೊಮ್ಮಗಳ ಅತ್ತೆ ಬಂದು, “ನಮ್ಮ ಮಗುವಿಗೆ ಕದ್ದ ಹಾಡು ಬೇಡ. ಬೇರೆ ಯಾವುದಾದರೂ ಹೇಳಿ” ಎಂದಳು. ಬೇರೆ ಹಾಡು ಹೇಳಿದರು. ಮುದುಕಿ ತನ್ನ ಮನೆಯಲ್ಲೇ, ತನ್ನ ಮರಿಮಗುವಿನ ತೊಟ್ಟಿಲಿನ ಎದುರಿಗೆ, ಮೂಲೆಯಲ್ಲಿ ಕೂತಿದ್ದಳು. ಅವಳು ಹಾಡಲಿಲ್ಲ. ಅಂದಿನಿಂದ ಎಲ್ಲಿಯೂ ಹಾಡಲಿಲ್ಲ.

ಇತ್ತ ವರ್ತಕ ಒಂದು ದಿನ ಬೇರೆಯ ಊರಿನವರು ಬರೆದ ಹಾಳೆಗಳನ್ನು ಓದುತ್ತಿದ್ದ. ಒಂದು ಕವಿತೆಯಲ್ಲಿ ಒಂದು ಕೆರೆಗೆ ಹೊಸದಾಗಿ ಕಟ್ಟೆ ಹಾಕಿದ್ದರು. ಅದರ ಕೆಳಗಿನ ಕವಿತೆಯಲ್ಲಿ ಅದೇ ಕೆರೆ ಹೂಳು ತುಂಬಿ ದನ ಮೇಯುತ್ತಿತ್ತು. ಎರಡರ ಕೆಳಗೂ ಒಂದೇ ಸಂವತ್ಸರ. ಕಟ್ಟಿದ ವರ್ಷವೇ ಕೆರೆ ಹೂಳುವುದು ಹೇಗೆ? ಅವನು ಹಣೆ ಬಡಿದುಕೊಂಡ. ಒಂದು ಹೆಸರಿನ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಅಜ್ಜನ ಪಾರ್ಥಿವ ಮತ್ತು ಮೊಮ್ಮಗನ ಪಾರ್ಥಿವ ಒಂದೇ ಕಟ್ಟಿನಲ್ಲಿ ಸೇರಿಹೋಗಿವೆ.

ಅವನಿಗೆ ಇನ್ನೊಂದು ವಿಷಯ ನೆನಪಿಗೆ ಬಂತು. ಪಂಡಿತನ ಮನೆಯಲ್ಲಿ ಅರವತ್ತರ ಶಾಂತಿಯ ಊಟ ಮಾಡಿದ್ದು ಪಾರ್ಥಿವದಲ್ಲಿ. ಪಂಡಿತನ ತಂದೆ ಪಾರ್ಥಿವದಲ್ಲಿ ಹುಟ್ಟಿ, ಪಾರ್ಥಿವ ತಿರುಗಿ ಬಂದದ್ದಕ್ಕಾಗಿಯೇ ಆ ಊಟ. ಸಭೆಯಲ್ಲಿ ನಕ್ಕವರೆಲ್ಲ ಆ ಎಲೆಯಲ್ಲಿ ಹೋಳಿಗೆ ತಿಂದವರು. ಮುದುಕಿಗೆ ಒಂದೇ ಪಾರ್ಥಿವ ಲೆಕ್ಕ ಹಾಕಿದ ಪಂಡಿತ, ತನ್ನ ತಂದೆಗೆ ಎರಡು ಲೆಕ್ಕ ಹಾಕಿ ಹೋಮ ಮಾಡಿಸಿದ್ದ.

ವರ್ತಕ ಅರವತ್ತು ಮನೆಗಳಿಗೂ ಹೇಳಿ ಕಳಿಸಿದ. ಪ್ರತಿ ಕವಿತೆಗೂ ಶಕವರ್ಷ ಕೇಳಿ ಬರೆಯಿರಿ, ಎಲ್ಲವನ್ನೂ ಮೊದಲಿಂದ ಜೋಡಿಸಿ ಎಂದ. ಅವರು ಬೇಸರಿಸದೆ ಜೋಡಿಸಿದರು.

ಪಂಡಿತ ಸುಳ್ಳುಗಾರನಲ್ಲ. ಅವನೂ ತಿದ್ದಿದ. ಮುದುಕಿಯ ಹಾಡನ್ನು ಅರವತ್ತು ವರ್ಷ ಹಿಂದಕ್ಕೆ ಒಯ್ದು ಆ ವರ್ಷದ ಎಲ್ಲಕ್ಕಿಂತ ಮೇಲೆ ಬರೆದ. ‘ನಕಲು’ ಎಂಬ ಮಾತನ್ನು ತೆಗೆದ. ತನ್ನ ತಂದೆಯ ಎರಡು ಸಾಲಿನ ಕೆಳಗೆ ‘ಮೂಲ: ನೇಯ್ಗೆಯವರ ಬೀದಿಯ ಹಾಡು’ ಎಂದು ತನ್ನ ಕೈಯಿಂದಲೇ ಬರೆದ. ಹಳೆಯ ಹಾಳೆಯನ್ನು ಒಲೆಗೆ ಹಾಕಿದ. ಹೊಸ ಹಾಳೆಯನ್ನು ಕಟ್ಟಿಗೆ ಸೇರಿಸಿದ. ಸಭೆಯವರು ಅವನ ಪ್ರಾಮಾಣಿಕತೆಯನ್ನು ಮೆಚ್ಚಿ ಶಾಲು ಹೊದಿಸಿದರು. ಈ ಸುದ್ದಿಯನ್ನು ನೇಯ್ಗೆಯವರ ಬೀದಿಗೆ ಹೇಳಬೇಕೆಂದು ಯಾರಿಗೂ ತೋರಲಿಲ್ಲ. ಆ ಬೀದಿಯಲ್ಲಿ ಓದುವವರು ಇರಲಿಲ್ಲ. ಬೀದಿಯ ಮಕ್ಕಳು ನಕಲಜ್ಜಿ ಎಂದು ಕೂಗುತ್ತಲೇ ಇದ್ದರು.

ವರ್ತಕ ಒಬ್ಬನೇ ಆ ಬೀದಿಗೆ ಹೋದ. ಮುದುಕಿಯ ಹೊಸ್ತಿಲಾಚೆ ನಿಂತು ಕೈ ಮುಗಿದ.

“ಅಮ್ಮಾ, ನಾನು ಮಾಡಿದ ಕಟ್ಟಳೆ ತಪ್ಪಾಗಿತ್ತು. ನಿಮಗೆ ಅನ್ಯಾಯವಾಯಿತು. ಕ್ಷಮಿಸಬೇಕು.”

“ನಿಮ್ಮ ಲೆಕ್ಕ ತಪ್ಪಿತ್ತು, ಸೆಟ್ಟರೇ. ಲೆಕ್ಕ ಯಾರಿಗೆ ತಪ್ಪೋದಿಲ್ಲ? ನೀವು ನಕ್ಕಿರಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಬನ್ನಿ, ಕೂತುಕೊಳ್ಳಿ.”

ವರ್ತಕ ಕೂತ. ಆ ಹಾಡನ್ನು ಮೊದಲು ಹಾಡಿದ್ದು ಎಲ್ಲಿ ಎಂದು ಕೇಳಿದ.

“ಪಂಡಿತರ ಮನೇಲೇ. ಅವರ ತಂದೆ ತೊಟ್ಟಿಲಿಗೆ. ಕೂಸು ಬಲು ಹಟ ಮಾಡ್ತಿತ್ತು, ಯಾರ ಹಾಡಿಗೂ ಬಗ್ಗಲಿಲ್ಲ. ನನ್ನ ಅತ್ತೆ ಜೊತೆ ನಾನೂ ಹೋಗಿದ್ದೆ, ಹೊಸ ಸೊಸೆ. ಆ ಮನೆ ಹಿರಿಯಮ್ಮ ‘ನೀನೊಂದು ಹೇಳೇ ಹುಡುಗಿ’ ಅಂದರು. ನನಗೆ ಈ ಊರಿನ ಹಾಡು ಬರ್ತಿರಲಿಲ್ಲ. ಅಲ್ಲೇ ಕಟ್ಟಿ ಹಾಡಿದೆ. ಕೂಸು ಮಲಗಿತು.”

“ಅಂದು ಸಭೆಯಲ್ಲಿ ಇದನ್ನು ಹೇಳಬಾರದಿತ್ತೇ ಅಮ್ಮಾ?”

“ಹೇಳೋಣ ಅಂತಲೇ ಬಾಯಿ ತೆರೆದೆ. ಅಷ್ಟರಲ್ಲಿ ಅರಿಸಿನ ತರೋಕೆ ಹೇಳ್ಬಿಟ್ಟರಲ್ಲ.”

ವರ್ತಕನಿಗೆ ಆ ಮನೆಯಲ್ಲಿ ಕೂರಲಾಗಲಿಲ್ಲ. ನೇರವಾಗಿ ಪಂಡಿತನಲ್ಲಿಗೆ ಹೋದ. ನಡೆದದ್ದನ್ನು ಹೇಳಿದ. ಒಮ್ಮೆ ಆ ಬೀದಿಗೆ ಹೋಗಿ, ಎಲ್ಲರೂ ಕೇಳುವಂತೆ, ತಪ್ಪಾಯಿತು ಎಂದು ಹೇಳಿ ಬನ್ನಿ ಎಂದ.

ಪಂಡಿತ ಹೇಳಿದ: “ತಪ್ಪನ್ನು ತಿದ್ದಿದ್ದೇನೆ. ಎಲ್ಲಕ್ಕಿಂತ ಮೇಲಿನ ಜಾಗ ಕೊಟ್ಟಿದ್ದೇನೆ. ಸತ್ತ ತಂದೆಯ ಕಾವ್ಯದ ಕೆಳಗೆ ಅವಳ ಬೀದಿಯ ಹೆಸರು ಬರೆದಿದ್ದೇನೆ. ಇದಕ್ಕಿಂತ ಇನ್ನೇನು ಬೇಕು? ನಮ್ಮದು ಹೆಸರಿರುವ ಮನೆತನ. ಏಳು ತಲೆಮಾರಿನಿಂದ ಯಾರೂ ಬೀದಿಯಲ್ಲಿ ಕೈ ಮುಗಿದು ನಿಂತವರಿಲ್ಲ.”

“ಹೆಸರಿರುವ ಮನೆತನ ಎಂದೇ ಹೋಗಿ ಅನ್ನುತ್ತಿದ್ದೇನೆ, ಪಂಡಿತರೇ. ಹೆಸರಿಲ್ಲದವನು ನಕ್ಕಿದ್ದರೆ ಆ ನಗು ಹಜಾರದಲ್ಲೇ ಸಾಯುತ್ತಿತ್ತು. ನೀವು ನಗಿಸಿದ್ದರಿಂದ ಊರೇ ನಂಬಿತು. ಈಗ ನೀವು ಹೇಳಿದರೆ ಮಾತ್ರ ಊರು ಬಿಡುತ್ತದೆ.”

ಪಂಡಿತ ಒಪ್ಪಲಿಲ್ಲ. ಆದರೆ ಮನಸ್ಸಿಗೆ ಸ್ವಲ್ಪ ಚುಚ್ಚಿತು. ಒಂದು ತಟ್ಟೆಯಲ್ಲಿ ಸೀರೆ, ತೆಂಗಿನಕಾಯಿ, ಬಾಳೆಹಣ್ಣು, ತಿದ್ದಿದ ಹಾಳೆಯ ಪ್ರತಿ ಇಡಿಸಿ ಆಳಿನ ಕೈಯಲ್ಲಿ ಕಳಿಸಿದ. ಮುದುಕಿ ತಟ್ಟೆಯನ್ನು ಮುಟ್ಟಲಿಲ್ಲ.

“ತಗೊಂಡು ಹೋಗಪ್ಪ” ಎಂದಳು ಆಳಿಗೆ. “ತಟ್ಟೆ ನನ್ನನ್ನ ಏನೂ ಅಂದಿರಲಿಲ್ಲ.”

ಸರ್ವಮಂಗಳಮ್ಮ ತಲೆ ತಗ್ಗಿಸಿದರು. ಜಗಲಿಯ ಮೇಲಿದ್ದ ರವಿಕೆ ಕಣ ಅವರಿಗೆ ನೆನಪಾಗಿರಬೇಕು. ಮಾತಾಜಿ ಅವರ ಕಡೆ ನೋಡದೆ ಕತೆಯನ್ನು ಮುಂದುವರಿಸಿದರು.

ಕೆಲವು ತಿಂಗಳಲ್ಲಿ ಪಂಡಿತನಿಗೆ ಗಂಡುಮಗು ಹುಟ್ಟಿತು. ತೊಟ್ಟಿಲ ಶಾಸ್ತ್ರಕ್ಕೆ ಊರಿನ ಹೆಂಗಸರನ್ನು ಕರೆದರು. ನೇಯ್ಗೆಯವರ ಬೀದಿಗೂ ಹೇಳಿ ಕಳಿಸಿದರು, ಏಕೆಂದರೆ ಹಾಡು ಅವರದು. ತೊಟ್ಟಿಲಿಗೆ ಕರೆದರೆ ಹೋಗದೆ ಇರಬಾರದು. ಆ ಬೀದಿಯ ಹೆಂಗಸರು ಬಂದರು. ಮುದುಕಿ ಬರಲಿಲ್ಲ. ಬಂದವರು ಕುಂಕುಮ ಇಟ್ಟುಕೊಂಡರು. ಮಗುವನ್ನು ತೊಟ್ಟಿಲಿಗೆ ಹಾಕಿದರು. ಪಂಡಿತನ ಹೆಂಡತಿ, “ಹಾಡಿ ಅಮ್ಮಾ” ಎಂದಳು.

ಯಾರೂ ಹಾಡಲಿಲ್ಲ. ಮಗು ಅಳಲು ಶುರುಮಾಡಿತು. ಪಂಡಿತನ ಹೆಂಡತಿ ಇನ್ನೊಮ್ಮೆ ಕೇಳಿದಳು. ಆಗ ಅವರಲ್ಲಿ ಒಬ್ಬಳು ಬಾಗಿಲಲ್ಲಿ ನಿಂತಿದ್ದ ಪಂಡಿತನ ಕಡೆ ತಿರುಗಿದಳು.

“ಹಾಡು ನಿಮ್ಮ ಪುಸ್ತಕದಲ್ಲಿ ಐತಂತಲ್ಲ, ಸ್ವಾಮಿ. ಎಲ್ಲಕ್ಕಿಂತ ಮೇಲೆ ಐತಂತೆ. ತೆಗೆದು ಓದಿ.”

ಪಂಡಿತ ಸಿಟ್ಟಿನಿಂದ ಒಳಗೆ ಹೋದ. ಹಾಳೆಗಳ ಕಟ್ಟನ್ನು ತಂದ. ತೊಟ್ಟಿಲ ಪಕ್ಕದಲ್ಲಿ ನಿಂತು ಓದಿದ. ಒಂದು ಅಕ್ಷರವೂ ತಪ್ಪಲಿಲ್ಲ. ಶಕವರ್ಷವೂ ಸರಿಯಾಗಿತ್ತು. ಮಗು ಅಳು ನಿಲ್ಲಿಸಲಿಲ್ಲ. ಹೆಂಗಸರು ವೀಳ್ಯ ತೆಗೆದುಕೊಂಡು ಎದ್ದು ಹೋದರು.

ಆ ಸುದ್ದಿ ಸಂತೆಯಿಂದ ಸಂತೆಗೆ ಹೋಯಿತು. ಹೊಸ ಸಂವತ್ಸರ ಬಂತು. ಅರವತ್ತು ಊರುಗಳಲ್ಲಿಯೂ ದಾಖಲೆಯವರು ಎಂದಿನಂತೆ ಹಾಡು ಕೇಳಲು ಹೊರಟರು. ಬೀಸುಕಲ್ಲಿನ ಮುಂದೆ ಕೂತವರು ಅವರನ್ನು ಕಂಡು ಬಾಯಿ ಮುಚ್ಚಿಕೊಂಡರು. ನಾಟಿ ಮಾಡುವವರು ಬದುವಿನ ಮೇಲೆ ಅವರ ತಲೆ ಕಂಡೊಡನೆ ಸುಮ್ಮನಾದರು. “ನಮಗೆ ಹಾಡು ಬರೋಲ್ಲ, ಸ್ವಾಮಿ. ನಮ್ಮದೆಲ್ಲ ನಕಲು” ಎಂದರು.

ವರ್ಷದ ಕೊನೆಗೆ ಸಭೆ ಸೇರಿತು. ಆ ಸಂವತ್ಸರದ ಹಾಡುಗಳ ಹಾಳೆಯಲ್ಲಿ ಬರೆಯಲು ಏನೂ ಇರಲಿಲ್ಲ. ಹಾಳೆಯನ್ನು ಬರಿದಾಗಿ ಬಿಡುವಂತಿಲ್ಲ. ‘ಈ ಸಂವತ್ಸರದಲ್ಲಿ ಹಾಡು ಹುಟ್ಟಲಿಲ್ಲ’ ಎಂದು ಬರೆದರು.

ಆ ವರ್ಷವೂ ಮಕ್ಕಳು ಹುಟ್ಟಿದ್ದರು. ತೊಟ್ಟಿಲು ತೂಗಿದ್ದರು. ಬಾಗಿಲು ಹಾಕಿಕೊಂಡು ಹಾಡಿದ್ದರು. ಅರವತ್ತು ಮನೆಯವರು ಕೂಡಿ, ಒಬ್ಬರದನ್ನೊಬ್ಬರು ತಿದ್ದಿ, ಮತ್ತೆ ತಿದ್ದಿ ಬರೆದ ಆ ದಾಖಲೆಯಲ್ಲಿ ಅದೊಂದು ಸಾಲು ಶುದ್ಧ ಸುಳ್ಳು. ಅದು ಸುಳ್ಳೆಂದು ಸಭೆಯಲ್ಲಿ ಕೂತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಮಸಿಯಿಂದ ತಿದ್ದುವ ತಪ್ಪು ಅದಾಗಿರಲಿಲ್ಲ. ಅದನ್ನು ತಿದ್ದಬಲ್ಲವನು ಒಬ್ಬನೇ. ಅವನು ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದ. ನೇಯ್ಗೆಯವರ ಬೀದಿ ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು.

ಮಾತಾಜಿ ಕತೆ ನಿಲ್ಲಿಸಿದರು. ಪ್ರಸಾದಕ್ಕೆ ಬಂದವರೆಲ್ಲ ಸಾಲಾಗಿ ಕೂತಾಗಿತ್ತು. ಅವರಲ್ಲಿ ಹೆಚ್ಚಿನವರು ಕಳೆದ ವಾರ ಕೂತಿದ್ದವರೇ.

“ಕೊನೆಗೆ ಆ ಪಂಡಿತ ಹೋದನೆ, ಮಾತಾಜಿ?” ಎಂದು ಸರ್ವಮಂಗಳಮ್ಮ ಕೇಳಿದರು. “ಮುದುಕಿ ಮತ್ತೆ ಹಾಡಿದಳೆ?”

ಬಾಗಿಲಾಚೆ ಸಣ್ಣತಾಯಮ್ಮನ ದನಿ ಕೇಳಿಸಿತು: “ಹಾಲು ತಂದಿವ್ನಿ. ಯಾರಾದ್ರೂ ತಪ್ಪಲೆ ತನ್ನಿ.”

ಸರ್ವಮಂಗಳಮ್ಮ ಬಾಗಿಲ ಕಡೆ ನೋಡಿದರು. ಸಾಲಾಗಿ ಕೂತ ಜನರ ಕಡೆ ನೋಡಿದರು.

ಮಾತಾಜಿ ಹೇಳಿದರು: “ತಪ್ಪಲೆಯನ್ನು ಆಮೇಲೆ ಒಯ್ಯುವೆಯಂತೆ, ಮೊದಲು ಅವಳನ್ನು ಒಳಗೆ ಕರೆದು, ಇವರೆಲ್ಲರ ಎದುರಿಗೆ, ಕ್ಷಮೆ ಕೇಳು.”